ನಾಚಿಕೆ ಯಾರದು?

ನಮ್ಮ ಹುಡುಗರು ನಾಚಿಕೆ ಸ್ವಭಾವದವರು ಅಂತ ಕಾಲೇಜು ಮೇಷ್ಟ್ರುಗಳು ಹೇಳ್ತಾರೆ. ಹಾಸ್ಟೆಲ್ ವಾರ್ಡನ್ನುಗಳು ಹೇಳ್ತಾರೆ. ಇಂಟರ್‌ವ್ಯೂ ಮಾಡುವವರು 'ಕಾನ್ಫಿಡೆನ್ಸ್ ಸಾಲದು' ಅಂತ ಹೇಳಿ ಕಳಿಸ್ತಾರೆ. ಈ ಮಾತು ಎಷ್ಟು ಸಲ ಕಿವಿಗೆ ಬಿದ್ದಿದೆಯೆಂದರೆ ನಮ್ಮ ಹುಡುಗರೂ ಅದನ್ನು ನಂಬಿಬಿಟ್ಟಿದ್ದಾರೆ. 'ನಂದು ವಸಿ ನಾಚ್ಕೆ ಸ್ವಭಾವ ಸಾರ್' ಅಂತ ತಾವೇ ಹೇಳಿಕೊಳ್ಳುತ್ತಾರೆ, ಮೈಬಣ್ಣ ಎತ್ತರ ಹೇಳಿಕೊಂಡ ಹಾಗೆ.

ನಾವು ಇದನ್ನು ಒಪ್ಪುವುದಿಲ್ಲ. ಅದೇ ಹುಡುಗ ಕೇರಿಯೊಳಗೆ ಹೆಂಗಿರ್ತಾನೆ ನೋಡಿ. ಮಾರಿಹಬ್ಬದಲ್ಲಿ ತಮಟೆ ಹಿಡಿದರೆ ಅವನೇ ಮುಂದು. ಕಬಡ್ಡಿಯಲ್ಲಿ ಅವನ ಕೂಗು ಕೆರೆ ಏರಿ ತನಕ ಕೇಳ್ತದೆ. ಅಜ್ಜಿಗೆ ಮಾತಿಗೆ ಮಾತು ಕೊಡ್ತಾನೆ. ಬಸ್ಸು ಹತ್ತಿ ಇಳಿದು ಕಾಲೇಜಿನ ಗೇಟು ದಾಟುವ ಹೊತ್ತಿಗೆ ಆ ದನಿ ಎಲ್ಲಿ ಹೋಯಿತು? ಸ್ವಭಾವವಾಗಿದ್ದರೆ ಎಲ್ಲ ಕಡೆಯೂ ಒಂದೇ ಥರ ಇರಬೇಕಲ್ಲವೆ? ಗೇಟಿನ ಒಳಗೆ ಬಂದು ಗೇಟಿನ ಹೊರಗೆ ಬಿಟ್ಟು ಹೋಗುವ ನಾಚಿಕೆ ಹುಟ್ಟುಗುಣವಲ್ಲ. ಅದು ಕಲಿಸಿದ ಪಾಠ.

ಇದನ್ನು ಬರೆಯುತ್ತಿರುವ ನಾವು ನಾಲ್ಕು ಜನ. 2000ದ ಆಚೀಚೆ ಒಂದೇ ಸರ್ಕಾರಿ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದಿದವರು. ಈಗ ಒಬ್ಬರು ಹೈಸ್ಕೂಲು ಮೇಷ್ಟ್ರು, ಒಬ್ಬರು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರು, ಒಬ್ಬರು ಬಸ್ ಕಂಡಕ್ಟರು, ಒಬ್ಬರು ಸಂಘಟನೆಯ ಕೆಲಸದಲ್ಲಿದ್ದಾರೆ. ಭಾನುವಾರಗಳಲ್ಲಿ ಸೇರಿ ಮಾತಾಡಿದ್ದನ್ನೇ ಇಲ್ಲಿ ಬರೆದಿದ್ದೇವೆ. ಹೀಗಾಗಿ 'ನಾನು' ಅಂತ ಬರೆಯೋದಕ್ಕೆ ಜಾಗವಿಲ್ಲ.

*

ನಮಗೆ ಈ ಪಾಠ ಶುರುವಾದದ್ದು ಸ್ಕೂಲಿಗೆ ಸೇರುವ ಮುಂಚೆ. ಅಪ್ಪಂದಿರ ಹೆಗಲ ಮೇಲಿನ ಟವೆಲ್ಲಿನಿಂದ. ಗೌಡರ ಜಗಲಿ ಹತ್ತಿರ ಬರ್ತಾ ಇದ್ದ ಹಾಗೇ ಟವೆಲ್ಲು ಹೆಗಲಿಂದ ಕಂಕುಳಿಗೆ ಇಳೀತಿತ್ತು. ಮೆಟ್ಟು ಕಾಲಿಂದ ಕೈಗೆ ಬರ್ತಿತ್ತು. ಮನೇಲಿ ಗುಡುಗ್ತಿದ್ದ ದನಿ 'ಬುದ್ದೀ' ಅನ್ನುವಾಗ ಕೇಳಿಸದಷ್ಟು ಸಣ್ಣಗಾಗ್ತಿತ್ತು. ಯಾರೂ ನಮ್ಮನ್ನು ಕೂರಿಸಿಕೊಂಡು ಹೇಳಿಕೊಡಲಿಲ್ಲ. ಕೈಹಿಡಿದು ನಡೆಯುತ್ತಿದ್ದ ಮಕ್ಕಳು ನಾವು, ಅಪ್ಪನ ಬೆರಳು ಬಿಗಿಯಾಗುವುದು ನಮಗೆ ಗೊತ್ತಾಗ್ತಿತ್ತು. ಮೈಯನ್ನು ಚಿಕ್ಕದು ಮಾಡಿಕೊಳ್ಳುವ ವಿದ್ಯೆ ಆ ಬೆರಳಿಂದ ನಮ್ಮ ಮೈಗೆ ಹತ್ತಿತು. ಅಪ್ಪಂದಿರನ್ನು ನಾವು ಹೇಡಿಗಳೆಂದು ಕರೆಯಲಾರೆವು. ಜಮೀನು ಅವರದು, ಕೂಲಿ ಅವರ ಕೈಲಿ, ಸಂಜೆ ಒಲೆ ಉರಿಯಬೇಕು. ತಲೆ ತಗ್ಗಿಸಿದ್ದು ನಮ್ಮನ್ನು ಸಾಕಲಿಕ್ಕೆ.

ಆಮೇಲೆ ಕಾಲೇಜು. ಎಸ್ಸೆಸ್ಸೆಲ್ಸಿ ತನಕ ಕನ್ನಡದಲ್ಲಿ ಓದಿದವರು ನಾವು, ಸೈನ್ಸ್ ಕ್ಲಾಸಿನ ಬಾಗಿಲಲ್ಲಿ ನಿಂತು 'ಮೇ ಐ ಕಮಿನ್ ಸಾರ್' ಅನ್ನಬೇಕು. ಆ ನಾಲ್ಕು ಪದ ಬಾಯಿಗೆ ಬರದೆ ಇಡೀ ಪೀರಿಯಡ್ಡು ವರಾಂಡದ ಕಂಬಕ್ಕೆ ಒರಗಿ ನಿಂತ ದಿನಗಳಿವೆ. ಮುಂದಿನ ಬೆಂಚಿನವರು ನಮಗಿಂತ ಬುದ್ಧಿವಂತರಾಗಿದ್ದರೋ ಇಲ್ಲವೋ, ಅವರ ಮನೆಯಲ್ಲಿ ಇಂಗ್ಲಿಷ್ ಪೇಪರು ಬರ್ತಿತ್ತು, ಅಪ್ಪಂದಿರು ಮೇಷ್ಟ್ರ ಜೊತೆ ಕ್ಲಬ್ಬಿನಲ್ಲಿ ಶಟಲ್ ಆಡ್ತಿದ್ದರು. ನಮ್ಮ ಅಪ್ಪಂದಿರು ಆ ಕ್ಲಬ್ಬಿನ ಕಾಂಪೌಂಡಿಗೆ ಕಲ್ಲು ಹೊತ್ತವರು.

ವರ್ಷಕ್ಕೊಂದು ದಿನ ಸ್ಕಾಲರ್‌ಷಿಪ್ ಗುಮಾಸ್ತರು ಕ್ಲಾಸಿಗೆ ಬರ್ತಿದ್ದರು. ಬಾಗಿಲಲ್ಲೇ ನಿಂತು 'ಎಸ್ಸಿ ಎಸ್ಟಿ ಸ್ಟೂಡೆಂಟ್ಸ್ ಎಲ್ಲಾ ಎದ್ದು ನಿಂತ್ಕೊಳ್ರಪ್ಪ' ಅಂತಿದ್ದರು. ಎಂಬತ್ತು ಜನರ ಕ್ಲಾಸಿನಲ್ಲಿ ಹದಿನೈದು ಜನ ಎದ್ದು ನಿಲ್ಲಬೇಕು. ಕೂತ ಅರವತ್ತೈದು ಜೊತೆ ಕಣ್ಣು ನಮ್ಮ ಕಡೆ ತಿರುಗುತ್ತವೆ. ಅಲ್ಲಿ ತನಕ ಜೊತೆಗೆ ನೋಟ್ಸ್ ಬರೀತಿದ್ದ ಗೆಳೆಯನ ಕಣ್ಣಲ್ಲಿ 'ಓ, ನೀನೂನಾ?' ಅನ್ನುವ ಒಂದು ಪ್ರಶ್ನೆ ಹಾದು ಹೋಗುತ್ತೆ. ಹಿಂದಿನಿಂದ ಯಾರೋ 'ಸರ್ಕಾರಿ ಅಳಿಯಂದ್ರು' ಅಂತಾರೆ, ನಗು ಏಳುತ್ತೆ. ಎದ್ದು ನಿಂತದ್ದು ಎರಡು ನಿಮಿಷ. ಆ ಎರಡು ನಿಮಿಷಕ್ಕೆ ಹೆದರಿ ಫಾರಂ ಹಾಕದೆ ಇದ್ದವರು ನಮ್ಮ ಹಾಸ್ಟೆಲಿನಲ್ಲೇ ಇದ್ದರು. ಹಸಿವಿಗಿಂತ ಆ ಎರಡು ನಿಮಿಷ ಅವರಿಗೆ ದೊಡ್ಡದಾಗಿತ್ತು. ಈಗ ಅರ್ಜಿ ಆನ್‌ಲೈನ್ ಆಗಿದೆ. ಆದರೆ ಪರಿಶೀಲನೆ, ಸಹಿ, ದಾಖಲೆ ಅಂತ ಹೇಳಿ ಎಬ್ಬಿಸಿ ನಿಲ್ಲಿಸುವ ಪದ್ಧತಿ ಇನ್ನೂ ಬಿಟ್ಟಿಲ್ಲದ ಕಾಲೇಜುಗಳಿವೆ. ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಜಾತಿ ಕೇಳೋದಿಲ್ಲ. 'ಸಿಇಟಿ ರ‍್ಯಾಂಕ್ ಎಷ್ಟು ಬಂತು?' ಅಂತ ಕೇಳ್ತಾರೆ. ಎರಡೂ ಒಂದೇ ಪ್ರಶ್ನೆ.

ಇದು ಬರೀ ನಮ್ಮ ಹೊಟ್ಟೆಯುರಿಯ ಮಾತಲ್ಲ. ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಇಬ್ಬರು ಸಂಶೋಧಕರು ಉತ್ತರ ಪ್ರದೇಶದ ಹಳ್ಳಿ ಹುಡುಗರ ಮೇಲೆ ಮಾಡಿದ ಒಂದು ಪ್ರಯೋಗವನ್ನು ವಿಶ್ವಬ್ಯಾಂಕು 2004ರಲ್ಲಿ ಪ್ರಕಟಿಸಿತು. ಆರನೇ, ಏಳನೇ ಕ್ಲಾಸಿನ ಹುಡುಗರು, ಅರ್ಧ ಮೇಲ್ಜಾತಿಯವರು, ಅರ್ಧ ದಲಿತರು. ಕಾಗದದ ಮೇಲೆ ದಾರಿ ಹುಡುಕುವ ಒಗಟು ಬಿಡಿಸಬೇಕು, ಬಿಡಿಸಿದಷ್ಟಕ್ಕೆ ದುಡ್ಡು. ಯಾರು ಯಾವ ಜಾತಿ ಅಂತ ಹೇಳದೆ ಇದ್ದಾಗ ಎರಡೂ ಕಡೆಯ ಹುಡುಗರು ಹೆಚ್ಚುಕಡಿಮೆ ಸಮಸಮ. ಪ್ರತಿಯೊಬ್ಬನ ಹೆಸರು, ಅಪ್ಪನ ಹೆಸರು, ಜಾತಿ ಎಲ್ಲರೆದುರು ಓದಿ ಹೇಳಿದಾಗ ದಲಿತ ಹುಡುಗರು ಬಿಡಿಸಿದ ಒಗಟುಗಳು ಕಡಿಮೆಯಾದವು. ಹುಡುಗರು ಅಂಥವರೇ, ಒಗಟುಗಳೂ ಅಂಥವೇ. ಬದಲಾದದ್ದು ಕೂಗಿ ಹೇಳಿದ ಜಾತಿ ಮಾತ್ರ. ನಮ್ಮ ಸ್ಕಾಲರ್‌ಷಿಪ್ ಗುಮಾಸ್ತರು ಗೊತ್ತಿಲ್ಲದೆ ಪ್ರತಿವರ್ಷ ಅದೇ ಪ್ರಯೋಗ ಮಾಡ್ತಿದ್ದರು.

'ಓದಿ ದೊಡ್ಡೋರಾದ್ರೆ ಎಲ್ಲಾ ಸರಿಹೋಗ್ತದೆ' ಅಂತ ಹಿರಿಯರು ಸಮಾಧಾನ ಹೇಳ್ತಾರೆ. ಬಾಬಾಸಾಹೇಬರಿಗಿಂತ ಹೆಚ್ಚು ಓದಿದವರು ಯಾರಿದ್ದಾರೆ? ಅಮೆರಿಕದಲ್ಲಿ, ಲಂಡನ್ನಿನಲ್ಲಿ ಓದಿ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದರು. ಉಳಿಯಲು ಮನೆ ಸಿಗಲಿಲ್ಲ. ತಂಗಿದ್ದ ಪಾರ್ಸಿ ಛತ್ರಕ್ಕೆ ದೊಣ್ಣೆ ಹಿಡಿದ ಗುಂಪು ನುಗ್ಗಿ ಹೊರಹಾಕಿತು. ಹದಿನೆಂಟು ವರ್ಷ ಕಳೆದರೂ ಆ ದೃಶ್ಯ ಮಾಸಿಲ್ಲ, ನೆನೆದಾಗಲೆಲ್ಲ ಕಣ್ಣಲ್ಲಿ ನೀರು ಬರುತ್ತದೆ ಎಂದು 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಅವರೇ ಬರೆದಿದ್ದಾರೆ. ಸಂವಿಧಾನ ಬರೆದ ಕೈಯ ಆ ಮನುಷ್ಯನಿಗೇ ಮನಸ್ಸಿಗೆ ಬಿದ್ದ ಏಟು ಹದಿನೆಂಟು ವರ್ಷ ಮಾಯಲಿಲ್ಲ ಎಂದ ಮೇಲೆ ಹದಿನೆಂಟು ವರ್ಷದ ನಮ್ಮ ಹುಡುಗಿಗೆ 'ಧೈರ್ಯವಾಗಿರು' ಅಂದರೆ ಆಯಿತೆ?

*

ಆ ಹುಡುಗಿ ನಮ್ಮ ಪೈಕಿ ಒಬ್ಬರ ಅಕ್ಕನ ಮಗಳು. ನಮ್ಮೆಲ್ಲರನ್ನೂ 'ಮಾವ' ಅಂತ ಕರೀತಾಳೆ. 'ಬರೀರಿ ಮಾವ, ಹೆಸರು ಮಾತ್ರ ಹಾಕ್ಬೇಡಿ' ಅಂದಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇವೆ. ಅವರ ಬೀದಿಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು. ಜಿಲ್ಲಾ ಕೇಂದ್ರದ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಎರಡನೇ ವರ್ಷ ಸೆಮಿನಾರ್ ಅಂತ ಬಂತು. ಪ್ರತಿಯೊಬ್ಬರೂ ಬೋರ್ಡಿನ ಮುಂದೆ ನಿಂತು ಹತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಬೇಕು. ವಾರವೆಲ್ಲ ಬಾಯಿಪಾಠ ಮಾಡಿದ್ದಳು. ನಿಂತಳು. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಕೈಯಿಂದ ಚಾಕ್‌ಪೀಸು ಬಿತ್ತು. ಮುಂದಿನ ಬೆಂಚು ನಕ್ಕಿತು. ಲೆಕ್ಚರರು 'ಹೋಗಮ್ಮ ಕೂತ್ಕೋ, ನಿಮಗೆಲ್ಲ ಹೆಂಗೂ ಪಾಸಾದ್ರೆ ಸಾಕಲ್ಲ' ಅಂದರು.

'ನಿಮಗೆಲ್ಲ' ಅಂದರೆ ಯಾರಿಗೆ ಅಂತ ಕ್ಲಾಸಿಗೆಲ್ಲ ಗೊತ್ತಾಯಿತು.

ಆವತ್ತಿಂದ ಬೆಳಿಗ್ಗೆ ಕಾಲೇಜಿಗೆ ಹೊರಡುವ ಹೊತ್ತಿಗೆ ಹೊಟ್ಟೆ ಹಿಂಡುತ್ತಿತ್ತಂತೆ. ಎದೆ ಡವಡವ, ಅಂಗೈಯೆಲ್ಲ ಬೆವರು. ಅಟೆಂಡೆನ್ಸಿಗೆ 'ಪ್ರೆಸೆಂಟ್ ಸರ್' ಅನ್ನಲಿಕ್ಕೂ ದನಿ ಹೊರಡದೆ ಕ್ಲಾಸು ತಪ್ಪಿಸತೊಡಗಿದಳು. ಹಾಸ್ಟೆಲಿನ ಊಟದ ಹಾಲು ಖಾಲಿಯಾದ ಮೇಲೆ ಹೋಗಿ ಉಳಿದದ್ದು ತಿನ್ನುವಳು, ಇಲ್ಲವೆ ಮಲಗಿಬಿಡುವಳು. ರಾತ್ರಿ ನಿದ್ದೆಯಿಲ್ಲ. ಊರಿಗೆ ಬಂದಾಗ ಮಾತಿಲ್ಲ, ಕತೆಯಿಲ್ಲ. ನೋಡಿದವರು ಏನಂದರು ಗೊತ್ತೆ? 'ಎಂಥ ಒಳ್ಳೆ ಹೆಣ್ಣು! ಕಾಲೇಜಿಗೆ ಹೋದ್ರೂ ತಲೆ ಎತ್ತಲ್ಲ, ನೆಲ ನೋಡ್ಕಂಡು ನಡೀತದೆ.' ಹುಡುಗ ಮಂಕಾಗಿ ಕೂತರೆ ಯಾರಾದರೂ 'ಏನ್ಲಾ ಆಯ್ತು' ಅಂತ ಕೇಳ್ತಾರೆ. ಹುಡುಗಿ ಮಂಕಾಗಿ ಕೂತರೆ ಹೊಗಳ್ತಾರೆ. ಅವಳ ಕಾಯಿಲೆ ಊರಿನ ಕಣ್ಣಿಗೆ ಗುಣವಾಗಿ ಕಾಣಿಸಿತು. ಹೆಣ್ಣುಮಕ್ಕಳ ವಿಷಯದಲ್ಲಿ ಇದು ದೊಡ್ಡ ಅಪಾಯ.

ಎದೆ ಹೊಡೆದುಕೊಳ್ಳುತ್ತೆ ಅಂದಾಗ ಒಂದು ಕ್ಲಿನಿಕ್ಕಿಗೆ ಕರೆದೊಯ್ದರು. ಇಸಿಜಿ ತೆಗೆದು 'ಹಾರ್ಟ್ ಚೆನ್ನಾಗಿದೆ, ಟೆನ್ಷನ್ ಮಾಡ್ಕೋಬೇಡ' ಅಂತ ಒಂದು ಟಾನಿಕ್ಕು ಬರೆದರು. ಆಮೇಲೆ ಅಜ್ಜಿ 'ಮೊಗೀಗೆ ಗಾಳಿ ಸೋಕದೆ' ಅಂದಳು. ಶಾಸ್ತ್ರ ಕೇಳಿಸಿ, ಕೋಳಿ ಕೊಯ್ಯಿಸಿ, ತಾಯತ ಕಟ್ಟಿಸಿದ್ದಾಯಿತು. ದಸರಾ ರಜ ಮುಗಿದರೂ ಅವಳು ಹೊರಡಲಿಲ್ಲ. ಒಂದು ರಾತ್ರಿ ತಾಯಿ ಹತ್ತಿರ 'ನಂಗೆ ಇರೋದೇ ಬ್ಯಾಡ ಅನ್ಸುತ್ತೆ ಕಣವ್ವ' ಅಂದಳು. ತಾಯಿ ಆ ಸರಿರಾತ್ರಿಯಲ್ಲೇ ತಮ್ಮನಿಗೆ ಫೋನು ಹಚ್ಚಿದಳು.

ಬೆಳಿಗ್ಗೆ ನಾವು ಹೋದೆವು. ಸುತ್ತಿ ಬಳಸಿ ಮಾತಾಡಲಿಲ್ಲ. 'ಸಾಯ್ಬೇಕು ಅಂತ ಅನ್ಸುತ್ತಾ ಮಗಳೆ?' ಅಂತ ನೇರವಾಗಿ ಕೇಳಿದೆವು. ತಲೆಯಾಡಿಸಿ, ಬಿಕ್ಕಿ ಬಿಕ್ಕಿ ಅತ್ತಳು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದ ಹಾಗಾಗುತ್ತೆ ಅಂತ ಬಹಳ ಜನ ಹೆದರ್ತಾರೆ. ಹಾಗಾಗುವುದಿಲ್ಲ. ಒಳಗೇ ಹೊತ್ತಿದ್ದ ಭಾರವನ್ನು ಇಳಿಸಲು ಒಂದು ಜಾಗ ಸಿಕ್ಕಿದ ಹಾಗಾಗುತ್ತೆ. ಆ ದಿನ ಅವಳನ್ನು ಒಬ್ಬಳೇ ಇರಲು ಬಿಡದೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೊರಟೆವು. 'ಕೌನ್ಸೆಲಿಂಗ್ ಇರ್ತದೆ ಅಕ್ಕ' ಅಂದರೆ, 'ಕೌನ್ಸೆಲಿಂಗಾ? ಸೀಟು ಸಿಕ್ಕಿ ಎಲ್ಡು ವರ್ಸ ಆಗದಲ್ಲಪ್ಪ' ಅಂದಳು ತಾಯಿ. ನಮ್ಮ ಜನಕ್ಕೆ ಗೊತ್ತಿರುವ ಕೌನ್ಸೆಲಿಂಗು ಸಿಇಟಿ ಸೀಟಿನದು ಒಂದೇ. ಅಳುತ್ತಿದ್ದ ಹುಡುಗಿಯೂ ಆಗ ಒಂದು ಸಲ ನಕ್ಕಳು.

ಆಸ್ಪತ್ರೆಯ ಬೆಂಚಿನ ಮೇಲೆ ಮುಖದ ತುಂಬ ವೇಲು ಎಳೆದುಕೊಂಡು ಕೂತಿದ್ದಳು, ಗುರುತಿನವರು ಕಂಡಾರು ಅಂತ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮನ್ನೆಲ್ಲ ಹೊರಗೆ ಕಳಿಸಿ ಮುಕ್ಕಾಲು ಗಂಟೆ ಮಾತಾಡಿಸಿದರು. 'ಯಾಕಮ್ಮ ಹೆದರ್ತೀಯ' ಅಂತ ಅವರು ಕೇಳಲಿಲ್ಲವಂತೆ, 'ಆ ದಿನ ಏನಾಯಿತು ಹೇಳು' ಅಂದರಂತೆ. ತಾಯಿಗೂ ಹೇಳದೆ ಇದ್ದ ಆ 'ನಿಮಗೆಲ್ಲ' ಮಾತನ್ನು ಅವಳು ಮೊದಲ ಸಲ ಹೇಳಿದ್ದು ಅಲ್ಲಿ. ಸಾಮಾಜಿಕ ಆತಂಕ, ಅದರ ಜೊತೆಗೆ ಖಿನ್ನತೆ, ಎರಡೂ ವಾಸಿಯಾಗುವ ಕಾಯಿಲೆಗಳು ಅಂತ ಡಾಕ್ಟರು ಬಿಡಿಸಿ ಹೇಳಿದರು. ಮಾತ್ರೆ ಕೊಟ್ಟರು. ಇವು ನಿದ್ದೆ ಮಾತ್ರೆಯಲ್ಲ, ಚಟ ಹತ್ತೋದಿಲ್ಲ, ಗುಣ ಕಾಣಲು ಎರಡು ಮೂರು ವಾರ ಬೇಕು, ಕೇಳದೆ ನಿಲ್ಲಿಸಬಾರದು ಅಂದರು. ವಾರಕ್ಕೊಮ್ಮೆ ಮಾತಿಗೆ ಬರಹೇಳಿದರು.

ಮಾತಿನ ಜೊತೆಗೆ ಹೋಂವರ್ಕು ಇರ್ತಿತ್ತು. ಮೊದಲ ವಾರ: ಬಸ್ಸಿನಲ್ಲಿ ಊರಿನ ಹೆಸರನ್ನು ಗಟ್ಟಿಯಾಗಿ ಹೇಳಿ ಟಿಕೆಟ್ ಕೇಳು. ನಮ್ಮ ಕಂಡಕ್ಟರು ಇದನ್ನು ಈಗಲೂ ಹೇಳಿಕೊಂಡು ಖುಷಿಪಡ್ತಾರೆ. ಆಮೇಲೆ ಲೈಬ್ರರಿಯಲ್ಲಿ ಒಂದು ಪುಸ್ತಕ ಕೇಳು. ಒಬ್ಬ ಗೆಳತಿಯ ಮುಂದೆ ಒಂದು ಪುಟ ಓದು. ಐದು ಜನರ ಮುಂದೆ ಓದು. ಒಂದು ಸೆಮಿಸ್ಟರ್ ಹೋಯಿತು. ಎಂಟು ತಿಂಗಳ ಮೇಲೆ ಅದೇ ಕ್ಲಾಸಿನಲ್ಲಿ ಸೆಮಿನಾರ್ ಕೊಟ್ಟಳು. ದನಿ ನಡುಗಿತಂತೆ, ಆದರೆ ನಿಲ್ಲಲಿಲ್ಲವಂತೆ. ಎದೆ ಡವಡವ ಪೂರ್ತಿ ಹೋಗಿಲ್ಲ. ಅದನ್ನು ಇಟ್ಟುಕೊಂಡೇ ಎಂ.ಎಸ್ಸಿ. ಓದ್ತಾ ಇದ್ದಾಳೆ.

*

ಈ ಭಯ ಹೇಗೆ ಬೆಳೆಯುತ್ತೆ ಅನ್ನೋದನ್ನು ನಮ್ಮ ಮೇಷ್ಟ್ರುಗಳು ತಿಳಿದಿರಬೇಕು. ಊರ ಬಾಗಿಲಲ್ಲಿ ಒಂದು ನಾಯಿ ಇದೆ ಅಂದುಕೊಳ್ಳಿ. ಒಂದು ದಿನ ಬೊಗಳಿತು, ನಾವು ದಾರಿ ಬದಲಿಸಿದೆವು. ಸದ್ಯ ತಪ್ಪಿತಲ್ಲ ಅಂತ ಸಮಾಧಾನವಾಯಿತು. ಆ ಸಮಾಧಾನವೇ ಮೋಸ. ಮಾರನೇ ದಿನ ಅದೇ ಬಳಸುದಾರಿ, ಅದರ ಮಾರನೇ ದಿನವೂ ಅದೇ. ತಿಂಗಳು ಕಳೆಯುವುದರಲ್ಲಿ ಮನಸ್ಸಿನೊಳಗಿನ ನಾಯಿ ಎಮ್ಮೆಗಾತ್ರ ಆಗಿರುತ್ತೆ. ಕ್ಲಾಸು ತಪ್ಪಿಸುವುದು, ಹಿಂದಿನ ಬೆಂಚು ಹಿಡಿಯುವುದು, ವೈವಾ ದಿನ ಜ್ವರ ಅನ್ನುವುದು, ಇವೆಲ್ಲ ಬಳಸುದಾರಿಗಳೇ. ತಪ್ಪಿಸಿಕೊಂಡಷ್ಟೂ ಭಯ ಗಟ್ಟಿಯಾಗುತ್ತೆ. ಅದಕ್ಕೇ ಡಾಕ್ಟರು ಒಂದೊಂದೇ ಹೆಜ್ಜೆ ನಾಯಿಯ ಕಡೆಗೆ ನಡೆಸ್ತಾರೆ. ಗುಂಡಿಗೆ ಹೊಡೆದುಕೊಳ್ಳುತ್ತೆ, ಬೆವರು ಕಿತ್ತು ಬರುತ್ತೆ, ಸ್ವಲ್ಪ ಹೊತ್ತು ತಡೆದರೆ ತಾನೇ ಇಳಿಯುತ್ತೆ ಅನ್ನೋದನ್ನು ಮೈಯೇ ಕಲಿಯಬೇಕು.

ಆದರೆ ಇಲ್ಲೊಂದು ತಕರಾರಿದೆ. ಎಷ್ಟೋ ಪುಸ್ತಕಗಳು ನಾಯಿ ಬರೀ ಬೊಗಳುತ್ತೆ, ಕಚ್ಚೋದಿಲ್ಲ ಅಂತ ಮೊದಲೇ ಇಟ್ಟುಕೊಂಡು ಬರೆದಂಥವು. 'ಜನ ನಗ್ತಾರೆ ಅನ್ನೋದು ನಿನ್ನ ಕಲ್ಪನೆ' ಅಂತವೆ. ನಮ್ಮ ಹುಡುಗಿಯನ್ನು ನೋಡಿ ನಿಜಕ್ಕೂ ನಕ್ಕರಲ್ಲ? ನಮ್ಮ ದಾರಿಯ ನಾಯಿ ಕಚ್ಚುವ ನಾಯಿ. ಹಾಗಾದರೆ ಏನು ಮಾಡಬೇಕು? ನಾಯಿ ಕಚ್ಚಿದರೆ ಊರಲ್ಲಿ ಏನು ಮಾಡ್ತೀವೋ ಅದನ್ನೇ ಮಾಡಬೇಕು. ಸಾಕಿದವನ ಬಾಗಿಲಿಗೆ ಹೋಗಿ ಜಗಳ ಆಡ್ತೀವಿ. ಆಸ್ಪತ್ರೆಗೆ ಹೋಗಿ ಸೂಜಿಯನ್ನೂ ಹಾಕಿಸ್ಕೋತೀವಿ. ಜಗಳ ಗೆದ್ದ ಮೇಲೆ ಸೂಜಿ ಹಾಕಿಸ್ಕೋತೀನಿ ಅಂತ ಯಾರೂ ಕೂರೋದಿಲ್ಲ. ಸೂಜಿ ಹಾಕಿಸಿಕೊಂಡಾಯಿತು, ಇನ್ನು ನಾಯಿ ಹಾಗೇ ಇರಲಿ ಅಂತಲೂ ಯಾರೂ ಬಿಡೋದಿಲ್ಲ.

ಈ ಎರಡನ್ನೂ ಒಟ್ಟಿಗೆ ಮಾಡಬೇಕು ಅನ್ನೋದೇ ನಮ್ಮ ಮಾತು. ಕಾಲೇಜುಗಳು ಸೂಜಿಯೊಂದೇ ಸಾಕು ಅಂತವೆ. 'ಪರ್ಸನಾಲಿಟಿ ಡೆವಲಪ್‌ಮೆಂಟ್' ಶಿಬಿರ ಮಾಡಿ, ಕೋಟು ಹಾಕಿದ ಒಬ್ಬರನ್ನು ಕರೆಸಿ, ಕನ್ನಡಿ ಮುಂದೆ ನಿಂತು 'ಐ ಕ್ಯಾನ್' ಅಂತ ಹೇಳಿಸ್ತವೆ. ಕ್ಲಾಸಿನಲ್ಲಿ ಜಾತಿ ಕೂಗಿ ನಿಲ್ಲಿಸುವುದು ಮಾತ್ರ ಹಾಗೇ ಇರುತ್ತೆ. ಇನ್ನೊಂದು ಕಡೆ ನಮ್ಮ ಸಂಗಾತಿಗಳು ಕೆಲವರು ಜಗಳವೊಂದೇ ಸಾಕು ಅಂತಾರೆ. 'ಇದು ಸಾಮಾಜಿಕ ರೋಗ, ಸಮಾಜ ಬದಲಾದರೆ ವಾಸಿಯಾಗ್ತದೆ, ಹೋರಾಟಗಾರನಿಗೆ ಡಿಪ್ರೆಶನ್ ಎಂಥದು' ಅಂತಾರೆ. ರೋಗ ಸಾಮಾಜಿಕವೇ ಹೌದು. ಆದರೆ ನಿದ್ದೆಗೆಟ್ಟು ಮಲಗಿರುವುದು ಒಂದು ಮೈ, ಒಂದು ಹುಡುಗಿಯ ಮೈ. ಸಮಾಜ ಬದಲಾಗುವ ತನಕ ಆ ಮೈ ಬದುಕಿರಬೇಕು.

ಸಂಘಟನೆ ಎಂಥ ಔಷಧಿ ಅನ್ನೋದು ನಮಗೆ ಗೊತ್ತಿಲ್ಲದ್ದಲ್ಲ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು 'ಬೂಸಾ' ಎಂದ ಮಾತಿಗೆ ಗಲಾಟೆಯೆದ್ದು ದಲಿತ ಹುಡುಗರ ಹಾಸ್ಟೆಲುಗಳ ಮೇಲೆ ದಾಳಿಗಳಾದವು. ಏಟು ತಿಂದ ಆ ಹುಡುಗರು ಗಂಟು ಕಟ್ಟಿಕೊಂಡು ಊರಿಗೆ ಹೋಗಲಿಲ್ಲ, ಒಟ್ಟುಗೂಡಿದರು. ಭದ್ರಾವತಿಯಲ್ಲಿ ಕಾಲೇಜು ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರಂಥವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು. ಕ್ಲಾಸಿನಲ್ಲಿ ಬಾಯಿ ಬಿಡದವರು ಬೀದಿಯಲ್ಲಿ ತಮಟೆ ಹಿ��ಿದು ಹಾಡಿದರು, ಅಧ್ಯಯನ ಶಿಬಿರಗಳಲ್ಲಿ ಎದ್ದು ವಾದ ಮಾಡಿದರು, ಪೋಲಿಸ್ ಠಾಣೆಯಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಐದು ಜನರ ಮುಂದೆ ಓದು, ಆಮೇಲೆ ಐವತ್ತು ಜನರ ಮುಂದೆ ಓದು ಅಂತ ಇವತ್ತು ಡಾಕ್ಟರು ಕೊಡುವ ಹೋಂವರ್ಕನ್ನು ಆವತ್ತು ಸಂಘ ಕೊಟ್ಟಿತ್ತು. ಈಗ ಸಂಘ ಬಣಬಣವಾಗಿದೆ. ಹಾಸ್ಟೆಲಿನ ರೂಮಿನಲ್ಲಿ ಆರು ಜನ ಆರು ಫೋನು ಹಿಡಿದು ಆರು ಗೋಡೆಗೆ ಮುಖ ಮಾಡಿ ಮಲಗಿರ್ತಾರೆ. ಆ ಓದುಕೂಟಗಳನ್ನು ಮತ್ತೆ ಕಟ್ಟಬೇಕು. ಕಟ್ಟುವಾಗ ಕೂಟಕ್ಕೆ ಬಾರದೆ ರೂಮಿನಲ್ಲೇ ಉಳಿದವನು ಯಾರು ಅಂತ ಎಣಿಸುವ ಕಣ್ಣೂ ಇರಬೇಕು. ಸಂಘಕ್ಕೆ ಬರುವಷ್ಟೂ ದನಿ ಉಳಿಯದವನಿಗೆ ಸಂಘವೇ ಅವನ ರೂಮಿಗೆ ಹೋಗಬೇಕು.

2016ರ ಜನವರಿ 17ರಂದು ಹೈದರಾಬಾದಿನಲ್ಲಿ ರೋಹಿತ್ ವೇಮುಲನನ್ನು ಕಳೆದುಕೊಂಡೆವು. 2019ರ ಮೇ 22ರಂದು ಮುಂಬೈಯಲ್ಲಿ ಆದಿವಾಸಿ ವೈದ್ಯೆ ಪಾಯಲ್ ತಡ್ವಿಯನ್ನು ಕಳೆದುಕೊಂಡೆವು. ಅವರ ಫೋಟೊಗಳನ್ನು ನಮ್ಮ ಸಭೆಗಳಲ್ಲಿ ಇಡ್ತೀವಿ, ಇಡಬೇಕಾದ್ದೇ. ಆದರೆ ಹಿಂದಿನ ಸಾಲಿನಲ್ಲಿ ಕೂತಿರುವ ನೊಂದ ಹುಡುಗನಿಗೆ 'ಸತ್ತರೆ ಮಾತ್ರ ನನ್ನ ಮಾತು ಕೇಳ್ತಾರೆ' ಅನ್ನಿಸುವ ಹಾಗೆ ನಾವು ಮಾತಾಡಬಾರದು. ಅವರಿಬ್ಬರೂ ಬದುಕಬೇಕಿತ್ತು, ಇವತ್ತು ನಮ್ಮ ಜೊತೆ ಜಗಳ ಆಡ್ತಾ ಇರಬೇಕಿತ್ತು. ಅವರ ತಾಯಂದಿರಿಬ್ಬರೂ ಸೇರಿ ಕ್ಯಾಂಪಸ್ಸುಗಳ ಜಾತಿಭೇದದ ವಿರುದ್ಧ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಬೇರೆಯವರ ಮಕ್ಕಳು ಉಳಿಯಲಿ ಅಂತಲೇ ಹೋದದ್ದು.

*

ಇನ್ನು ಕೈಗೆ ಸಿಗುವ ವಿಷಯಗಳು. ಊರೂರಿನ ಮೇಷ್ಟ್ರುಗಳು ಇವನ್ನು ಗೋಡೆಗೆ ಬರೆದು ಹಾಕಬಹುದು.

ಸಂಕೋಚ ಎಲ್ಲರಿಗೂ ಇರುತ್ತೆ, ಎಲ್ಲ ಸಂಕೋಚಕ್ಕೂ ಡಾಕ್ಟರು ಬೇಕಾಗಿಲ್ಲ. ಭಯದಿಂದ ಕ್ಲಾಸು, ಊಟ, ಪರೀಕ್ಷೆ ತಪ್ಪಿಹೋಗುತ್ತಿದ್ದು ಅದು ತಿಂಗಳುಗಟ್ಟಲೆ ನಡೆದಿದ್ದರೆ, ಎರಡು ವಾರಕ್ಕೂ ಹೆಚ್ಚು ದಿನ ಮನಸ್ಸು ಸತ್ತ ಹಾಗಿದ್ದು ನಿದ್ದೆ, ಹಸಿವು ಕೆಟ್ಟಿದ್ದರೆ ಹೋಗಬೇಕು. ಸಾಯುವ ಮಾತು ಬಂದರೆ ಆ ದಿನವೇ ಹೋಗಬೇಕು, ಒಬ್ಬರನ್ನೇ ಬಿಡಬಾರದು.

ದುಡ್ಡಿಲ್ಲ ಅಂತ ಕೂರಬೇಕಾಗಿಲ್ಲ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮನಸ್ಸಿನ ಕಾಯಿಲೆಗೆ ಔಷಧಿ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿದರು. ಆ ಮಾದರಿ ಹಿಡಿದು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಫೋನು ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು. ಪುಕ್ಕಟೆ, ದಿನದ 24 ಗಂಟೆ, ಕನ್ನಡದಲ್ಲೂ ಮಾತಾಡ್ತಾರೆ.

'ನಾಲ್ಕು ಜನಕ್ಕೆ ಗೊತ್ತಾದ್ರೆ ಮದುವೆ ಆಗೋದು ಹೆಂಗೆ' ಅನ್ನುವ ತಾಯಂದಿರಿಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಕಾನೂನೇ ಹೇಳಿದ ಕೆಲವು ಸಂದರ್ಭ ಬಿಟ್ಟರೆ, ಡಾಕ್ಟರು ನಿಮ್ಮ ಗುಟ್ಟನ್ನು ಹೊರಗೆ ಬಿಡುವ ಹಾಗಿಲ್ಲ. ಜಾತಿ, ವರ್ಗ, ಲಿಂಗದ ಭೇದವಿಲ್ಲದೆ ಚಿಕಿತ್ಸೆ ಪಡೆಯುವುದು ಹಕ್ಕು ಅಂತ ಅದೇ ಕಾಯ್ದೆ ಹೇಳುತ್ತೆ. ಹಕ್ಕು ಅಂದಮೇಲೆ ಯಾರ ಮುಂದೆಯೂ ಕೈಮುಗಿದು ನಿಲ್ಲುವಂಥದಲ್ಲ. ಆದರೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಕಂಡದ್ದು, ಒಂದೊಂದು ಕಾಯಿಲೆಯಲ್ಲೂ 100ಕ್ಕೆ 70ರಿಂದ 92 ಮಂದಿ ಚಿಕಿತ್ಸೆಯಿಲ್ಲದೆ ಉಳಿದಿದ್ದರು ಅಂತ. ಅವರಲ್ಲಿ ಕೇರಿಯವರು ಎಷ್ಟು ಜನ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಾಲೇಜುಗಳನ್ನು ನಾವು ಕೇಳಬೇಕಾದ್ದು ಇದೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಶಿಕ್ಷಣ ಸಂಸ್ಥೆಯೂ ತರಬೇತಿ ಪಡೆದ ಒಬ್ಬ ಆಪ್ತ ಸಲಹೆಗಾರರನ್ನಾದರೂ ಇಟ್ಟುಕೊಳ್ಳಬೇಕು ಎಂದು ಸುಪ್ರೀಂ ಕೋರ್ಟು 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಕಾಲೇಜಿನಲ್ಲಿ ಅವರು ಎಲ್ಲಿ ಕೂರ್ತಾರೆ ಅಂತ ಪ್ರಿನ್ಸಿಪಾಲರನ್ನು ಕೇಳಿ. ಜಾತಿಭೇದದ ದೂರು ಕೇಳಲು ಸಮಾನ ಅವಕಾಶ ಕೋಶ ಇರಬೇಕು ಅಂತ ಯುಜಿಸಿ 2012ರಲ್ಲೇ ನಿಯಮ ಮಾಡಿತು. ನಮ್ಮ ಹುಡುಗಿಯ ಕಾಲೇಜಿನಲ್ಲಿ ಆ ಕೋಶಕ್ಕೆ ಒಂದು ಬೋರ್ಡು ಇತ್ತು, ಬೋರ್ಡಿನ ಹಿಂದಿನ ಬಾಗಿಲಿಗೆ ಬೀಗ ಇತ್ತು. ಅವಳು ಒಪ್ಪಿದ ಮೇಲೆ ಸಂಘದ ಹತ್ತು ಜನ ಹೋಗಿ ಬೀಗ ತೆಗೆಸಿ ದೂರು ಕೊಟ್ಟೆವು. ಲೆಕ್ಚರರು 'ತಮಾಷೆಗೆ ಅಂದೆ' ಅಂದರು, ಕ್ಷಮೆ ಕೇಳಲಿಲ್ಲ. ಆದರೆ ಎಬ್ಬಿಸಿ ನಿಲ್ಲಿಸುವ ಪದ್ಧತಿ ಆ ಕಾಲೇಜಿನಲ್ಲಿ ನಿಂತಿತು, ಈಗ ಸ್ಕಾಲರ್‌ಷಿಪ್ ವಿಷಯವನ್ನು ನೋಟಿಸ್ ಬೋರ್ಡಿಗೆ ಹಾಕ್ತಾರೆ.

ಮೇಷ್ಟ್ರುಗಳೆ, ನೀವು ಮಾಡಬಹುದಾದ್ದು ಕಷ್ಟದ್ದಲ್ಲ. ಪ್ರಶ್ನೆ ಕೇಳಿ ಹತ್ತು ಸೆಕೆಂಡು ಕಾಯಿರಿ, ಉತ್ತರ ಕನ್ನಡದಲ್ಲಿ ಬಂದರೆ ತಗೊಳ್ಳಿ. 'ಯಾಕೆ ಬಾಯಿಲ್ವ?' ಅಂತ ಎಲ್ಲರೆದುರು ಕೇಳಬೇಡಿ, ಕ್ಲಾಸು ಮುಗಿದ ಮೇಲೆ ಪಕ್ಕದಲ್ಲಿ ಕೂತು ಕೇಳಿ. ಅಪ್ಪನ ಕೆಲಸ, ಊರೊಳಗಿನ ಬೀದಿ, ರ‍್ಯಾಂಕು ಇವನ್ನು ಕೇಳಲೇಬೇಡಿ. ನಾಲ್ಕು ದಿನ ಬಾರದ ಹುಡುಗನ ಹೆಸರಿನ ಮುಂದೆ ಆಬ್ಸೆಂಟ್ ಹಾಕಿ ಸುಮ್ಮನಾಗಬೇಡಿ, ಅವನ ರೂಮಿಗೆ ಹೋಗಿ.

ಓದುತ್ತಿರುವ ತಮ್ಮಂದಿರೆ, ತಂಗಿಯರೆ, ಬಾಯಿಂದ ಮಾತು ಹೊರಡದೆ ನಿಂತ ನಿಮ್ಮಲ್ಲಿ ಏನೂ ಕೊರತೆಯಿಲ್ಲ. ಮಕ್ಕಳನ್ನು ಜಾತಿ ಹೇಳಿ ನಿಲ್ಲಿಸಿದವರು, ನಿಂತವರನ್ನು ನೋಡಿ ನಕ್ಕವರು, ನಕ್ಕದ್ದನ್ನು ಕೇಳಿಯೂ ಪಾಠ ಮುಂದುವರಿಸಿದವರು, ನಾಚಿಕೊಳ್ಳಬೇಕಾದವರು ಅವರು. ಅವರ ಪಾಲಿನದನ್ನು ನಮ್ಮ ಮಕ್ಕಳು ಹೊತ್ತು ಬೆವರುವುದು ಸಾಕು. ಆಸ್ಪತ್ರೆಗೆ ಹೋಗುವುದಿದ್ದರೆ ಒಬ್ಬರೇ ಹೋಗಬೇಡಿ, ಒಬ್ಬ ಗೆಳೆಯನನ್ನು ಕರೆದುಕೊಳ್ಳಿ. ಬಸ್ಸಿನಲ್ಲಿ ಟಿಕೆಟನ್ನು ಗಟ್ಟಿಯಾಗಿ ಕೇಳಿ.